ಎಫ್ರಾಯಿಮನನ್ನು ಕೊಂದವರು

ಹೆತ್ತವಳು ಇಟ್ಟ ಹೆಸರಿನಿಂದ ಎಫ್ರಾಯಿಮ್ ಸ್ಟ್ರೌಡನಿಗೆ ಆದಷ್ಟು ಕಿರುಕುಳ ಯಾವ ಹಗೆಯಿಂದಲೂ ಆಗಲಿಲ್ಲ. ಮಿಸೌರಿಯ ಜೋಳದ ಹೊಲದ ನಡುವೆ ಕೂತು ಅವನಮ್ಮ ಬೈಬಲ್ ತಿರುವಿ ಆ ಹೆಸರು ಆರಿಸಿದಾಗ, ದೂರದ ರಾಕಿ ಬೆಟ್ಟಗಳಲ್ಲಿ ತುಪ್ಪಳಕ್ಕಾಗಿ ಬೀವರ್ ಎಂಬ ನೀರುಪ್ರಾಣಿಯನ್ನು ಹಿಡಿದು ಬದುಕುವ ಗಂಡಸರು ಅದೇ ಹೆಸರನ್ನು ಅಲ್ಲಿನ ದೊಡ್ಡ ಕಂದು ಕರಡಿಗೆ ಇಟ್ಟುಬಿಟ್ಟಿದ್ದಾರೆಂದು ಆಕೆಗೇನು ಕನಸು ಬಿದ್ದಿತ್ತೆ? ಬೆಟ್ಟದವರಿಗೆ ಯಾವ ಕರಡಿ ಕಂಡರೂ ಅದು ಎಫ್ರಾಯಿಮನೇ. ‘ಅದು’ ಅನ್ನುವುದೂ ಇಲ್ಲ, ‘ಅವನು’ ಅನ್ನುತ್ತಾರೆ. ಒಂದೇ ಏಟಿಗೆ ಕುದುರೆಯ ಬೆನ್ನು ಮುರಿಯುವವನಿಗೆ ಅಷ್ಟಾದರೂ ಮರ್ಯಾದೆ ಬೇಡವೇ.

ಬೆಟ್ಟಕ್ಕೆ ಬಂದ ಹೊಸದರಲ್ಲೇ ಇದರ ರುಚಿ ಹತ್ತಿತು. ಹಳ್ಳದ ಆಚೆಯಿಂದ ಯಾರೋ “ಎಫ್ರಾಯಿಮ್! ಲೋ, ಎಫ್ರಾಯಿಮ್!” ಎಂದು ಗಂಟಲು ಹರಿಯುವಂತೆ ಕೂಗಿದರು. ಇವನು ಬೋನು ಹೂಡುವುದನ್ನು ಬಿಟ್ಟು, “ಬಂದೆ ಇರ್ರೋ, ಏನವಸರ?” ಎಂದು ಪೊದೆ ಸರಿಸಿ ಹೋದ. ಎದುರಿಗೆ ಇನ್ನೊಬ್ಬ ಎಫ್ರಾಯಿಮ್ ಎರಡು ಕಾಲ ಮೇಲೆ ನಿಂತಿದ್ದ. ಆವತ್ತು ಇವನು ಹತ್ತಿದ ಪೈನ್ ಮರಕ್ಕೆ ಎರಡಾಳೆತ್ತರದವರೆಗೆ ಒಂದು ಕೊಂಬೆಯೂ ಇರಲಿಲ್ಲ. ಹೇಗೆ ಹತ್ತಿದೆ ಎಂದು ಆಮೇಲೆ ಎಷ್ಟು ಯೋಚಿಸಿದರೂ ಅವನಿಗೇ ಹೊಳೆಯಲಿಲ್ಲ. ಅಂದಿನಿಂದ ತನ್ನ ಹೆಸರು ಕಿವಿಗೆ ಬಿದ್ದರೆ ಮೊದಲು ಮರ ಹತ್ತಿ, ಆಮೇಲೆ ಓಗೊಡುವುದನ್ನು ರೂಢಿ ಮಾಡಿಕೊಂಡ. ಬೀಡಿಗೆ ಮರಳುವಾಗ ಇನ್ನೊಂದು ಪಾಡು. “ನಾನು ಕಣ್ರೋ, ಎಫ್ರಾಯಿಮ್ ಬರ್ತಿದೀನಿ” ಎಂದು ಕೂಗಿದರೆ ಒಳಗಿದ್ದವರು ಕೋವಿಗೆ ಕೈ ಹಾಕುತ್ತಿದ್ದರು. ಅವನ ತೋಳದ ಚರ್ಮದ ಟೋಪಿಯಲ್ಲಿ ಗುಂಡು ತೂರಿದ ತೂತುಗಳಿದ್ದವು. ಬೇಸಿಗೆಯಲ್ಲಿ ಗಾಳಿಯಾಡಲು ಚೆನ್ನಾಗಿವೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ.

ಹೆಸರು ಬದಲಾಯಿಸಿಕೋ ಎಂದು ಹೇಳದವರಿಲ್ಲ. “ಅಮ್ಮ ಇಟ್ಟಿದ್ದು. ಕರಡೀನೇ ಬದಲಾಯಿಸ್ಕೊಳ್ಳಲಿ” ಎಂದು ಅವನು ಒಪ್ಪಲಿಲ್ಲ.

ಹೆಸರು ಬಿಟ್ಟರೆ ಅವನ ಗುರುತೆಂದರೆ ಗಡ್ಡ. ಬೆಟ್ಟ ಹತ್ತಿದ ಮೇಲೆ ಒಮ್ಮೆಯೂ ಕತ್ತರಿ ಕಾಣದ ಕೆಂಚು ಗಡ್ಡವದು. ನೀರಿಗಿಳಿಯುವಾಗ ತುದಿಯನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ವರ್ಷಕ್ಕೊಮ್ಮೆ ಗ್ರೀನ್ ನದಿಯ ದಂಡೆಯ ಬೇಸಿಗೆ ಕೂಟದಲ್ಲಿ ಜನರೆಲ್ಲ ಸೇರಿದಾಗ, ಸರಕು ಹೊತ್ತ ಗಾಡಿಗಳು ಬಂದು ಸಾರಾಯಿ ಹರಿಯತೊಡಗಿದಾಗ, ಯಾರೂ ಅವನ ಮುಖ ನೋಡುತ್ತಿರಲಿಲ್ಲ. ದೂರದಲ್ಲಿ ಗಡ್ಡ ಕಂಡರೆ ಹಿಂದೆ ಎಫ್ರಾಯಿಮ್ ಇದ್ದಾನೆಂದು ಲೆಕ್ಕ.

ಅವನ ಹೆಂಡತಿ ಶೋಶೋನಿ ಜನರವಳು. ಹುಯಿಚು ಎಂದರೆ ಅವರ ಮಾತಿನಲ್ಲಿ ಪುಟ್ಟ ಹಕ್ಕಿ. ಕಾಡೆಮ್ಮೆಯ ತೊಡೆಯನ್ನು ಒಬ್ಬಳೇ ಹೆಗಲಿಗೇರಿಸಿ ನಡೆಯುವ ಹೆಂಗಸಿಗೆ ಆ ಹೆಸರಿಟ್ಟವರು ಅವಳನ್ನು ತೊಟ್ಟಿಲಲ್ಲಿ ಮಾತ್ರ ನೋಡಿದ್ದಿರಬೇಕು. ಮದುವೆಗೆ ಅವಳು ಹಾಕಿದ ಷರತ್ತು ಒಂದೇ. ಬೀವರ್‌ಗಳನ್ನು ಬೋನಿನತ್ತ ಸೆಳೆಯಲು ಸವರುವ ಗಬ್ಬುನಾತದ ಎಣ್ಣೆಯ ಕುಪ್ಪಿ ಗುಡಾರದ ಹೊರಗಿರಬೇಕು. ಕುಪ್ಪಿ ಹೊರಗೇ ಇತ್ತು. ವಾಸನೆ ಮಾತ್ರ ಗಂಡನ ಜೊತೆ ಒಳಗೆ ಬರುತ್ತಿತ್ತು. ಅದಕ್ಕೇನು ಮಾಡುವುದೆಂದು ಅವಳಿಗೂ ತಿಳಿಯಲಿಲ್ಲ. ಚಳಿಗಾಲ, ವಸಂತ ಅವಳು ತವರಿನವರ ಜೊತೆ ಇರುತ್ತಿದ್ದಳು. ಬೇಸಿಗೆಗೆ ಕೂಟದಲ್ಲಿ ಗಂಡ ಹೆಂಡಿರ ಭೇಟಿ.

ಬೇಟೆಯ ಜೊತೆಗಾರ ನಾರ್ಸಿಸ್ ಗೋದ್ರೋ ಕೆನಡಾದ ಫ್ರೆಂಚ್ ಮಾತಿನವನು. ಕುಳ್ಳ, ದೊಡ್ಡ ಬಾಯಿ. ಇಂಗ್ಲಿಷು ಅವನ ಬಾಯಲ್ಲಿ ಮುರಿದ ಕುರ್ಚಿಯಂತೆ, ಎಲ್ಲೋ ಕೂತರೆ ಎಲ್ಲೋ ಬೀಳುತ್ತಿತ್ತು. ಎಫ್ರಾಯಿಮನನ್ನು ಅವನು ಹೆಸರಿನಿಂದ ಕರೆದವನೇ ಅಲ್ಲ. ಅವನ ಭಾಷೆಯಲ್ಲಿ ‘ಗೆಳೆಯ’ ಎಂಬರ್ಥದ ‘ಮೊನಾಮಿ’ ಎಂದೇ ಕರೆಯುತ್ತಿದ್ದ. ಇಬ್ಬರೇ ಇರುವ ಕಾಡಿನಲ್ಲಿ ಅಷ್ಟು ಸಾಕಾಗಿತ್ತು.

ಆ ವಸಂತದಲ್ಲಿ ನಡೆದದ್ದು ಇಷ್ಟು. ಮರಕ್ಕೆ ನೇತುಹಾಕಿದ್ದ ಮಾಂಸದ ವಾಸನೆಗೆ ಒಂದು ಕರಡಿ ಬೀಡಿಗೆ ನುಗ್ಗಿತು. ಎಫ್ರಾಯಿಮ್ ಪದ್ಧತಿಯಂತೆ ಮರದ ಮೇಲಿದ್ದ. ಬಾತುಕೋಳಿಗಿಂತ ದೊಡ್ಡದೇನನ್ನೂ ಹೊಡೆದು ಗೊತ್ತಿರದ ನಾರ್ಸಿಸ್ ಕಣ್ಣು ಮುಚ್ಚಿ ಕೋವಿ ಹಾರಿಸಿದ. ಕಣ್ಣು ಬಿಟ್ಟಾಗ ಕರಡಿ ಬಾಯಿಗೆ ಗುಂಡು ತಿಂದು ಸತ್ತು ಬಿದ್ದಿತ್ತು.

“ಮೊನಾಮಿ! ಕೆಳಗೆ ಬಾ! ಎಫ್ರಾಯಿಮ್‌ನ ನಾನು ಕೊಂದಿತು!” ಎಂದು ಅವನು ಕುಣಿದ ಕುಣಿತಕ್ಕೆ ಕುದುರೆಗಳು ಹಗ್ಗ ಜಗ್ಗಿದವು. ಇಬ್ಬರೂ ಸೇರಿ ಚರ್ಮ ಸುಲಿದರು, ಅದರ ಈಲಿಯನ್ನು, ಎಂದರೆ ಪಿತ್ತಜನಕಾಂಗವನ್ನು, ಸುಟ್ಟು ತಿಂದರು, ಕೊಬ್ಬನ್ನು ತಲೆಗೂದಲಿಗೆ ಹಚ್ಚಿಕೊಂಡರು. ಚರ್ಮವನ್ನು ಕಟ್ಟಿ ಹೇಸರಗತ್ತೆ ಡಾರ್ಕಸ್ಸಳ ಬೆನ್ನಿಗೇರಿಸಿದ್ದೇ ತಪ್ಪಾಯಿತು. ಕರಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಕರಡಿ ತನ್ನ ಬೆನ್ನೇರಿ ಕೂತಿದೆಯೆಂದು ನಂಬಿದ ಡಾರ್ಕಸ್ ಬಾಲ ಎತ್ತಿ ಓಡಿದಳು. ಅವಳು ಓಡಿದಷ್ಟೂ ಕರಡಿ ಜೊತೆಗೇ ಬರುತ್ತಿತ್ತು, ಹಾಗಾಗಿ ನಿಲ್ಲುವ ಕಾರಣವೇ ಇರಲಿಲ್ಲ.

“ನೀನು ತುಪ್ಪಳದ ಮೂಟೆ ತಗೊಂಡು ಕೂಟಕ್ಕೆ ಹೋಗು. ನಾನು ಈ ಮುದುಕೀನ ಹಿಡ್ಕೊಂಡು ಬರ್ತೀನಿ” ಎಂದ ಎಫ್ರಾಯಿಮ್.

“ಚರ್ಮ ಜೋಪಾನ, ಮೊನಾಮಿ! ಚರ್ಮ ಇಲ್ಲದಿದ್ರೆ ಯಾರೂ ನಂಬಲ್ಲ!”

ಹೋದ ಎಫ್ರಾಯಿಮ್ ದಿನಗಟ್ಟಲೆ ಡಾರ್ಕಸ್ಸಳ ಹಿಂದೆ ಅಲೆದ. ಅವಳ ಹೆಸರು ಕೂಗಿ ಕೂಗಿ ಗಂಟಲು ಕಟ್ಟಿ, ದನಿ ಹಳೆಯ ಬಾಗಿಲಿನ ಕಿರುಗುಟ್ಟುವಿಕೆಯಷ್ಟು ಉಳಿಯಿತು. ಜೌಗುನೆಲದ ಸೊಳ್ಳೆಗಳು ಮುಖವನ್ನು ಕುಂಬಳಕಾಯಿ ಮಾಡಿದವು. ಒಂದು ಮಧ್ಯಾಹ್ನ ನದಿ ದಾಟಿ, ಬೆಂಕಿ ಹಾಕಿ ಬಟ್ಟೆ ಒಣಗಿಸುತ್ತಾ ಹಾಗೇ ತೂಕಡಿಸಿದ. ಏನೋ ಸೀದ ವಾಸನೆ ಬಂತು. ಯಾರೋ ಮೊಲ ಸುಡುತ್ತಿದ್ದಾರೆ, ಕರೆದರೆ ಹೋಗೋಣ ಎಂದುಕೊಳ್ಳುವಷ್ಟರಲ್ಲಿ ಸುಡುತ್ತಿರುವುದು ತನ್ನ ಗಡ್ಡವೆಂದು ಗೊತ್ತಾಯಿತು. ತಲೆಯನ್ನು ನದಿಗೆ ಅದ್ದಿದ. ಮಿಕ್ಕ ಕರಕಲನ್ನು ಚಾಕುವಿನಿಂದ ಹೆರೆದು ನೀರಿನಲ್ಲಿ ನೋಡಿಕೊಂಡರೆ ಪರಿಚಯವೇ ಇಲ್ಲದ ಒಬ್ಬ ಮನುಷ್ಯ ಅವನನ್ನೇ ದಿಟ್ಟಿಸುತ್ತಿದ್ದ. ಅದಕ್ಕಿಂತ ಆಘಾತವೆಂದರೆ ಅವನಿಗೆ ಗದ್ದವೇ ಇರಲಿಲ್ಲ. ಇತ್ತು, ಇಲ್ಲವೆನ್ನಲಾಗದು. ತುಟಿಯ ಕೆಳಗೆ ಪುರ್ಲೆ ಹಕ್ಕಿಯ ಮೊಟ್ಟೆಯಷ್ಟು ಏನೋ ಇದ್ದು, ಅಲ್ಲಿಂದ ಸೀದಾ ಕುತ್ತಿಗೆ ಶುರುವಾಗುತ್ತಿತ್ತು. ಹರೆಯದಲ್ಲಿ ಗಡ್ಡ ಬಿಟ್ಟದ್ದೇ ಇದನ್ನು ಮುಚ್ಚಲಿಕ್ಕೆಂಬುದು ಈಗ ನೆನಪಾಯಿತು.

ಕಡೆಗೆ ಡಾರ್ಕಸ್ ಸಿಕ್ಕಿದಳು, ಒಂದು ಬಯಲಲ್ಲಿ ಏನೂ ಆಗಿಲ್ಲದವಳಂತೆ ಮೇಯುತ್ತಾ. ಬೆನ್ನ ಮೇಲೆ ಏನೂ ಇರಲಿಲ್ಲ. ಹೊಳೆ ದಾಟುವಾಗ ಮೂಟೆಯನ್ನು ಒದರಿ ನೀರಿಗೆಸೆದಿದ್ದಳು. ನಾರ್ಸಿಸ್‌ಗೆ ಏನು ಹೇಳಲಿ ಎಂದು ಎಫ್ರಾಯಿಮ್ ದಾರಿಯುದ್ದಕ್ಕೂ ಮಾತು ಜೋಡಿಸುತ್ತಾ, ಗದ್ದಕ್ಕೆ ಕೈ ಅಡ್ಡ ಹಿಡಿದುಕೊಂಡು ಕೂಟದ ಕಡೆ ನಡೆದ.

ಅಷ್ಟರೊಳಗೆ ಅಲ್ಲಿ ನಡೆದದ್ದನ್ನು ಅವನು ಆಮೇಲೆ ಹತ್ತಾರು ಬಾಯಿಗಳಿಂದ ಕೇಳಿ ತಿಳಿದ. ನಾರ್ಸಿಸ್ ಒಬ್ಬನೇ ಕುದುರೆಗಳ ಜೊತೆ ಬಂದಿಳಿದು ಸಾರಾಯಿ ಲೋಟ ಎತ್ತಿದಾಗ ಯಾರೋ ಕೇಳಿದರು: “ಎಫ್ರಾಯಿಮ್ ಎಲ್ಲಪ್ಪಾ?”

ನಾರ್ಸಿಸ್‌ನ ಎದೆ ಉಬ್ಬಿತು. ಸುದ್ದಿ ತನಗಿಂತ ಮುಂಚೆ ಬಂದು ಮುಟ್ಟಿದೆ! “ಎಫ್ರಾಯಿಮ್? ಹೋ! ಅವನ್ನ ನಾನು ಕೊಂದಿತು! ಬಾಯೊಳಗೇ ಗುಂಡು, ಢಂ!”

ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು.

“ಯಾಕೋ ಕೊಂದೆ?”

“ಯಾಕೆ ಅಂದ್ರೆ? ನನ್ನ ಮಾಂಸ ತಿನ್ನೋಕೆ ಬಂದ! ಬಹಳ ಕೊಬ್ಬಿದ್ದ, ಮೆಸ್ಯೂ. ಕೊಬ್ಬು ತಲೆಗೆ ಹಚ್ಚಿದ್ದೀನಿ, ಮೂಸಿ ನೋಡಿ!” ಎಂದು ತಲೆ ಬಗ್ಗಿಸಿದ. ಯಾರೂ ಮೂಸಲಿಲ್ಲ. “ಈಲಿ ಸುಟ್ಟು ತಿಂದ್ವಿ. ಚರ್ಮ ಮೊನಾಮಿ ತರ್ತಾನೆ.”

ಮುಂದಿನ ಕ್ಷಣ ನಾರ್ಸಿಸ್‌ನನ್ನು ನದಿದಂಡೆಯ ಮರಕ್ಕೆ ಕಟ್ಟಿದ್ದರು. ಅವನಿಗೆ ಅರ್ಥವಾಗಲಿಲ್ಲ. ಮೊದಲು ತನ್ನನ್ನು ಮೆರವಣಿಗೆ ಮಾಡುವ ಮುನ್ನ ಇಲ್ಲಿ ಹೀಗೊಂದು ಪದ್ಧತಿ ಇರಬೇಕೆಂದುಕೊಂಡ. ಆಮೇಲೆ ಆ ಕರಡಿಯನ್ನು ಯಾರೋ ಸಾಕಿಕೊಂಡಿದ್ದರೇನೋ ಎಂದು ಅನುಮಾನಪಟ್ಟ.

ಸುದ್ದಿ ಶೋಶೋನಿ ಗುಡಾರಗಳಿಗೆ ಮುಟ್ಟಿತು. ಹುಯಿಚು ಚಾಕು ತೆಗೆದು, ಅವರಲ್ಲಿ ಗಂಡ ಸತ್ತವರು ಮಾಡುವ ಹಾಗೆ, ಮೊಣಕಾಲು ಮುಟ್ಟುತ್ತಿದ್ದ ತನ್ನ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡಳು. ಗುಡಾರದೊಳಗೆ ಕೂತು ಅತ್ತಳು. ಹೊರಗೆ ಬಂದಾಗ ಬಾಗಿಲಲ್ಲಿ ಗಂಡಸರ ಸಾಲೇ ನಿಂತಿತ್ತು. ಸಂತಾಪ ಹೇಳಲು ಬಂದವರಲ್ಲಿ ಒಬ್ಬನ ಕೈಯಲ್ಲಿ ಕನ್ನಡಿ, ಇನ್ನೊಬ್ಬನ ಕೈಯಲ್ಲಿ ನೀಲಿ ಮಣಿಗಳು, ಮತ್ತೊಬ್ಬನ ಕೈಯಲ್ಲಿ ಕೆಂಪು ಕಂಬಳಿ. ಎಲ್ಲರೂ ತಲೆ ಬಾಚಿಕೊಂಡಿದ್ದರು. ಹುಯಿಚು ಎಲ್ಲರಿಂದಲೂ ಎಲ್ಲವನ್ನೂ ತೆಗೆದುಕೊಂಡು ಬಾಗಿಲು ಮುಚ್ಚಿದಳು.

ಇತ್ತ ಕುದುರೆಗಳ ಮೇಲಿದ್ದ ಸತ್ತವನ ಸಾಮಾನನ್ನು ಗೆಳೆಯರು ನೆನಪಿಗೆಂದು ಹಂಚಿಕೊಂಡರು. ನ್ಯಾಯ ಹೇಳಲು ಮುದುಕ ಪೆಂಗೆಲಿಯನ್ನು ಕೂರಿಸಿದರು. ಅವನು ಸೇಂಟ್ ಲೂಯಿಸ್‌ನ ಜೈಲಿನಲ್ಲಿ ಸ್ವಲ್ಪ ಕಾಲ ಇದ್ದು ಬಂದವನು, ಕಾನೂನು ಹತ್ತಿರದಿಂದ ಕಂಡವನು ಅಲ್ಲಿ ಬೇರೆ ಯಾರೂ ಇರಲಿಲ್ಲ. ಬೆಟ್ಟದ ಹಳಬರ ಹಾಗೆ ಅವನು ತನ್ನನ್ನು ತಾನು ‘ಈ ಮಗು’ ಅಂದುಕೊಳ್ಳುತ್ತಿದ್ದ. ಬಾಯಲ್ಲಿ ಹಲ್ಲಿಲ್ಲದ ಮಗು.

ವಿಚಾರಣೆ ನಡುವಿಗೆ ಬಂದಿದ್ದಾಗ ಎಫ್ರಾಯಿಮ್ ಡಾರ್ಕಸ್ಸಳನ್ನು ಹಿಡಿದುಕೊಂಡು ಗುಂಪಿನ ಹಿಂದೆ ಬಂದು ನಿಂತ. ಮುಂದಿದ್ದವನ ಹೆಗಲ ಮೇಲೆ ತನ್ನದೇ ಕಂಬಳಿ ಕಂಡಂತಾಯಿತು. ಇದ್ದರೂ ಇರಬಹುದು, ಒಂದೇ ಥರದ ಕಂಬಳಿ ಎಷ್ಟಿಲ್ಲ ಎಂದುಕೊಂಡ. ಪಕ್ಕದಲ್ಲಿದ್ದವನು ಆ ವರ್ಷವಷ್ಟೇ ಗಾಡಿಗಳ ಜೊತೆ ಬಂದಿದ್ದ ಹೊಸಬ.

“ಏನಣ್ಣಾ, ಯಾಕಿಷ್ಟು ಜನ?” ಎಂದ ಎಫ್ರಾಯಿಮ್, ಕಿರುಗುಟ್ಟುವ ದನಿಯಲ್ಲಿ.

“ಗೊತ್ತಿಲ್ವಾ? ಎಫ್ರಾಯಿಮ್‌ನ ಕೊಂದುಬಿಟ್ಟಿದಾರೆ.”

“ಅದಾ! ಗೊತ್ತಿಲ್ಲದೆ ಏನು? ಚರ್ಮ ಸುಲಿದಿದ್ದೇ ನಾನು.”

ಹೊಸಬ ಒಂದು ಹೆಜ್ಜೆ ಹಿಂದೆ ಸರಿದ.

“ಈಲಿ ಮಾತ್ರ ಸ್ವಲ್ಪ ಕಹಿ ಇತ್ತಪ್ಪ” ಎಂದು ಎಫ್ರಾಯಿಮ್ ಸೇರಿಸಿದ.

“ಇಲ್ಲೊಬ್ಬ ಇದಾನ್ರೋ! ಇನ್ನೊಬ್ಬ ಕೊಲೆಗಾರ!” ಎಂದು ಹೊಸಬ ಹಾರಿ ನಿಂತ. ಗುಂಪು ಇಬ್ಭಾಗವಾಯಿತು. ಮರಕ್ಕೆ ಕಟ್ಟಿಸಿಕೊಂಡಿದ್ದ ನಾರ್ಸಿಸ್ ಡಾರ್ಕಸ್ಸಳನ್ನು ಕಂಡ, ಕೆಂಚು ಅಂಗಿಯ ಒರಟು ಹೊಲಿಗೆ ಕಂಡ. ಮುಖ ಯಾವುದಾದರೇನು, ಅವನಿಗೆ ಅಷ್ಟು ಸಾಕಾಯಿತು. “ಮೊನಾಮಿ! ದೇವರ ಹಾಗೆ ಬಂದೆ!” ಎಂದು ಅಳುತ್ತಾ ಕೂಗಿದ. “ಚರ್ಮ ಎಲ್ಲಿ? ಇವರಿಗೆ ಚರ್ಮ ತೋರಿಸು!”

ಎಫ್ರಾಯಿಮ್ ತಲೆ ತಗ್ಗಿಸಿದ. ದಾರಿಯಲ್ಲಿ ಜೋಡಿಸಿದ್ದ ಮಾತೆಲ್ಲ ಮರೆತುಹೋಯಿತು. “ಹೊಳೆಗೆ ಹೋಯ್ತು ಕಣೋ.”

“ಸಾಕ್ಷೀನೂ ಹೊಳೆಗೆಸೆದ್ರಾ, ಪಾಪಿಗಳಾ!” ಎಂದು ಪೆಂಗೆಲಿ ತೊಡೆ ತಟ್ಟಿದ. “ಈ ಮಗು ಇಂಥಾ ಕಟುಕರನ್ನ ಜೈಲಲ್ಲೂ ಕಂಡಿರಲಿಲ್ಲ. ಕಟ್ರೋ ಅವನ್ನೂ!”

ಕಟ್ಟಿಸಿಕೊಳ್ಳುವಾಗ ಎಫ್ರಾಯಿಮನಿಗೆ ವಿಷಯ ನಿಧಾನಕ್ಕೆ ತಲೆಗೆ ಹತ್ತತೊಡಗಿತು. “ಇರ್ರೋ, ಇರ್ರೋ! ಎಫ್ರಾಯಿಮ್ ನಾನೇ! ಎಫ್ರಾಯಿಮ್ ಸ್ಟ್ರೌಡ್!”

“ನಾಚಿಕೆಯಾಗ್ಬೇಕು ನಿನಗೆ. ಸತ್ತವನ ಹೆಸರನ್ನೂ ಕದೀತೀಯಾ? ಎಫ್ರಾಯಿಮ್‌ಗೆ ಇಷ್ಟುದ್ದ ಗಡ್ಡ ಇತ್ತು.”

“ಸುಟ್ಟೋಯ್ತು!”

“ಗುಡುಗಿನಂಥ ದನಿ ಇತ್ತು.”

“ಕಟ್ಟೋಗಿದೆ!”

“ಮುಖ ಇಷ್ಟು ದಪ್ಪ ಇರಲಿಲ್ಲ.”

“ಸೊಳ್ಳೆ!”

“ಗದ್ದ ಎಲ್ಲಯ್ಯಾ?”

ಎಫ್ರಾಯಿಮ್ ಅದನ್ನು ಅಂಗಿಯ ಕೊರಳಿನಲ್ಲಿ ಅಡಗಿಸಿಕೊಂಡ. ಗುಂಪಿನಲ್ಲಿ ಯಾರೋ, “ಗದ್ದ ಸುಟ್ಟೋಗೋದನ್ನ ನಾನಂತೂ ಕೇಳಿಲ್ಲ” ಎಂದರು. ಸತ್ತವನಂಥ ಉತ್ತಮ ಮನುಷ್ಯ ಈ ಬೆಟ್ಟದಲ್ಲಿ ಇನ್ನೊಬ್ಬ ಹುಟ್ಟುವುದಿಲ್ಲ ಎಂದು ಮತ್ತೊಬ್ಬ ಕಣ್ಣೊರೆಸಿಕೊಂಡ. ಹೋದ ವರ್ಷ ಇದೇ ಮನುಷ್ಯ ತನ್ನನ್ನು ಸುಳ್ಳುಗಾರನೆಂದು ಬೈದು ಬೂಟು ಎಸೆದಿದ್ದನ್ನು ಎಫ್ರಾಯಿಮ್ ನೆನೆದು, ಕಟ್ಟಿಸಿಕೊಂಡ ಸ್ಥಿತಿಯಲ್ಲೂ ಒಂದಿಷ್ಟು ಸಂತೋಷಪಟ್ಟ. ಆದರೆ ಒಬ್ಬನು ಆಗಲೇ ಹಗ್ಗ ತಂದು ಕೊಂಬೆಯ ಗಟ್ಟಿತನ ನೋಡುತ್ತಿದ್ದ.

“ನನ್ನ ಹೆಂಡ್ತೀನ ಕರೀರಿ! ಅವಳು ಹೇಳ್ತಾಳೆ!”

ಹುಯಿಚು ಬಂದಳು. ಕಿವಿಯ ಮಟ್ಟದ ಕೂದಲು ಮುಳ್ಳುಹಂದಿಯಂತೆ ಎದ್ದು ನಿಂತಿತ್ತು, ಕಣ್ಣು ಕೆಂಪಾಗಿದ್ದವು. ಎಫ್ರಾಯಿಮ್ ಆ ಕೂದಲನ್ನೇ ನೋಡಿದ. ತನಗಾಗಿ ಯಾರಾದರೂ ಅತ್ತಾರೆಂದು ಅವನು ಎಂದೂ ಎಣಿಸಿದವನಲ್ಲ. ಅವಳು ಹತ್ತಿರ ಬಂದು ಅವನ ಕಣ್ಣು ನೋಡಿದಳು. ಮೂಗು ಮುಂದೆ ಮಾಡಿ ಮೂಸಿದಳು. ಬೀವರ್ ಎಣ್ಣೆಯ ಗಬ್ಬು. ಆದರೆ ಅಲ್ಲಿದ್ದವರೆಲ್ಲರ ಮೈಯಲ್ಲೂ ಅದೇ ವಾಸನೆ. ಆಮೇಲೆ ಅವಳ ದೃಷ್ಟಿ ಕೆಳಗಿಳಿದು ಗದ್ದದ ಮೇಲೆ ನಿಂತಿತು. ಬಹಳ ಹೊತ್ತು ನಿಂತಿತು.

“ನನ್ನ ಗಂಡನಿಗೆ ಗದ್ದ ಇತ್ತು ಅಂದ್ಕೊಂಡಿದ್ದೆ” ಎಂದಳು.

“ಹುಯಿಚು! ನಾನೇ ಕಣೇ!”

“ನಾನೇ ಅಂತ ಯಾರು ಬೇಕಾದ್ರೂ ಅಂತಾರೆ. ಬೆಳಿಗ್ಗೆಯಿಂದ ಇಷ್ಟು ಜನ ನನ್ನ ಗಂಡ ಆಗೋಕೆ ಬಂದಿದಾರೆ.” ಹಿಂದಿದ್ದ ಕೆಲವರು ಟೋಪಿ ಕೆಳಗೆಳೆದುಕೊಂಡರು. “ನನ್ನ ಗಂಡನೇ ಆದ್ರೆ ಹೇಳು. ಹೋಗುವಾಗ, ಕುದುರೆ ಮೇಲೆ ಕೂತು, ಬರುವಾಗ ನನಗೇನು ತರ್ತೀನಿ ಅಂದಿದ್ದೆ?”

ಎಫ್ರಾಯಿಮ್ ಯೋಚಿಸಿದ. ಎಡಕ್ಕೆ ನೋಡಿ ಯೋಚಿಸಿದ, ಬಲಕ್ಕೆ ನೋಡಿ ಯೋಚಿಸಿದ. ಪಕ್ಕದಲ್ಲಿ ನಾರ್ಸಿಸ್ ಪಿಸುಗುಟ್ಟಿದ: “ಏನಾದ್ರೂ ಹೇಳು, ಮೊನಾಮಿ! ಮಣಿ ಅನ್ನು!”

“ಮಣಿ?” ಎಂದ ಎಫ್ರಾಯಿಮ್.

“ಅಲ್ಲ.”

“ಕಂಬಳಿ?”

“ಅಲ್ಲ.”

ಹಗ್ಗ ಹಿಡಿದವನು ಕೊಂಬೆಯ ಮೇಲಿಂದ ಅದನ್ನು ಆಚೆಗೆಸೆದ. ಎಫ್ರಾಯಿಮ್‌ನ ಹೆಗಲು ಕುಸಿಯಿತು. “ಸತ್ಯ ಹೇಳ್ತೀನಿ ಕಣೇ. ಒಂದು ಚೂರೂ ನೆನಪಿಲ್ಲ.”

ಹುಯಿಚು ಪೆಂಗೆಲಿಯ ಕಡೆ ತಿರುಗಿದಳು. “ಬಿಚ್ಚಿ ಅವನ್ನ. ಇವನೇ ನನ್ನ ಗಂಡ.”

ಬಯಲಿಗೆ ಬಯಲೇ ನಕ್ಕಿತು. ಮದುವೆಯಾದ ಗಂಡಸರು ಮಾತ್ರ ಸ್ವಲ್ಪ ತಡವಾಗಿ ನಕ್ಕರು. ಅವಳು ಕೇಳಿದ್ದು ಹಿತ್ತಾಳೆಯ ಪಾತ್ರೆ. ಹಳೆಯದರ ತಳ ತೂತಾಗಿತ್ತು. ಅದನ್ನವನು ಮೂರನೆಯ ವರ್ಷ ಮರೆತಿದ್ದ.

ಇಷ್ಟೆಲ್ಲ ಆದ ಮೇಲೂ ಅರ್ಥವಾಗದೆ ನಿಂತಿದ್ದವನು ನಾರ್ಸಿಸ್ ಒಬ್ಬನೇ. ಪೆಂಗೆಲಿ ಅವನನ್ನು ಕೂರಿಸಿ, ಕರಡಿಯನ್ನೂ ಮನುಷ್ಯನನ್ನೂ ಬೇರೆ ಬೇರೆ ಬೆರಳಲ್ಲಿ ತೋರಿಸಿ ವಿವರಿಸಿದ. ನಾರ್ಸಿಸ್ ಜೊತೆಗಾರನನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ.

“ನಿನ್ನ ಹೆಸರು ಎಫ್ರಾಯಿಮ್ಮಾ?”

“ಹೌದಪ್ಪ.”

“ಇಷ್ಟು ವರ್ಷದಿಂದಾನಾ?”

“ಹುಟ್ಟಿದಾಗಿನಿಂದ!”

“ಯಾರಾದ್ರೂ ಎಫ್ರಾಯಿಮ್ ಅಂದ್ರೆ ನೀನು ಮರ ಹತ್ತುತಿದ್ದೆ. ಇವನಿಗೆ ಕರಡಿ ಅಂದ್ರೆ ಬಹಳ ಭಯ ಅಂದ್ಕೊಂಡು, ನಿನ್ನ ಮುಂದೆ ಆ ಹೆಸರು ತೆಗೀಬಾರದು ಅಂತ ನಾನು ಎಷ್ಟು ಜೋಪಾನ ಮಾಡಿತು!” ಎಂದು ನಾರ್ಸಿಸ್ ಅತ್ತೇಬಿಟ್ಟ. ಎಫ್ರಾಯಿಮ್ ಅವನ ಪಕ್ಕದಲ್ಲಿ ಕೂತ, ಇಬ್ಬರೂ ಒಂದೇ ಲೋಟದಲ್ಲಿ ಕುಡಿದರು.

ಹಂಚಿಹೋಗಿದ್ದ ಸಾಮಾನು ಒಂದೊಂದಾಗಿ ಮರಳಿತು. ಕಂಬಳಿ ಹೊದ್ದವನು, ತೊಳೆದು ಕೊಡುತ್ತೇನೆಂದು ಹೇಳಿ ತೊಳೆಯದೆ ಕೊಟ್ಟ. ತಲೆ ಬಾಚಿಕೊಂಡು ಬಂದಿದ್ದ ಗಂಡಸರು ಮಾರನೆಯ ದಿನ ಹುಯಿಚುವಿನ ಬಾಗಿಲಿಗೆ ಬಂದು ಕನ್ನಡಿ, ಮಣಿಗಳ ವಿಷಯ ನಯವಾಗಿ ಎತ್ತಿದರು.

“ದುಃಖಕ್ಕೆ ಅಂತ ಕೊಟ್ರಿ. ದುಃಖ ಪಟ್ಟೆ. ಕೂದಲು ಹೋಗಿದೆ, ನೋಡಿ” ಎಂದಳು. ಅವರು ನೋಡಿದರು, ಹೊರಟುಹೋದರು. ಎಫ್ರಾಯಿಮ್ ಅದೇ ಹೊತ್ತಿಗೆ ಗಾಡಿಗಳ ಬಳಿಯಿಂದ ಹೊಸ ಹಿತ್ತಾಳೆ ಪಾತ್ರೆ ಹೊತ್ತು ಬರುತ್ತಿದ್ದ. ಅವಳು ಅದನ್ನು ತಟ್ಟಿ ನೋಡಿ, ತಿರುಗಿಸಿ ನೋಡಿ, ಬೆಂಕಿಗೆ ಇಟ್ಟಳು.

ಹೆಸರಿನ ವಿಷಯ ಅವಳೇ ತೀರ್ಮಾನಿಸಿದಳು. ಸತ್ತವರ ಹೆಸರನ್ನು ಅವಳ ಜನ ಬಾಯಿಬಿಟ್ಟು ಹೇಳುವುದಿಲ್ಲ.

“ಆ ಹೆಸರಿಗೆ ಅತ್ತು ಮುಗಿಸಿದೀನಿ. ಅದನ್ನ ಇನ್ನು ಈ ಗುಡಾರದಲ್ಲಿ ಎತ್ತಬೇಡ.”

“ಅಮ್ಮ ಇಟ್ಟಿದ್ದು ಕಣೇ.”

“ನಿಮ್ಮಮ್ಮನೇ ಇಲ್ಲಿದ್ದಿದ್ರೂ ಬೇರೆ ಇಡ್ತಿದ್ಲು.”

ಅವಳ ತಮ್ಮಂದಿರು ಅವನಿಗೆ ‘ಬೋಳುಗದ್ದ’ ಎಂದು ಹೆಸರಿಟ್ಟರು. ಎಫ್ರಾಯಿಮ್‌ಗೆ ಮೊದಮೊದಲು ಕೋಪ ಬರುತ್ತಿತ್ತು. ಆದರೆ ಆ ಹೆಸರು ಕೂಗಿದಾಗ ಮರ ಹತ್ತಬೇಕಾಗಿರಲಿಲ್ಲ, ಯಾರೂ ಗುಂಡು ಹಾರಿಸುತ್ತಿರಲಿಲ್ಲ. ಚಳಿಗಾಲದೊಳಗೆ ಒಗ್ಗಿಹೋಯಿತು. ಗಡ್ಡ ಮತ್ತೆ ಸೊಂಟಕ್ಕಿಳಿದ ಮೇಲೂ ಹೆಸರು ಹಾಗೇ ಉಳಿಯಿತು.

ಆಮೇಲಿನ ವರ್ಷಗಳಲ್ಲಿ ಹಳ್ಳಗಳಲ್ಲಿ ಬೀವರ್ ವಿರಳವಾದವು. ಇದ್ದ ಅಷ್ಟಿಷ್ಟನ್ನೂ ಕೇಳುವವರಿಲ್ಲ. ಪೂರ್ವದ ಪಟ್ಟಣಗಳ ದೊಡ್ಡ ಮನುಷ್ಯರು ಈಗ ಬೀವರ್ ತುಪ್ಪಳದ ಟೋಪಿ ಬಿಟ್ಟು ರೇಷ್ಮೆಯ ಟೋಪಿ ಹಾಕುತ್ತಾರೆಂದು ಗಾಡಿಯವರು ಹೇಳಿದರು. ಹುಳ ನೇಯ್ದದ್ದನ್ನು ತಲೆ ಮೇಲೆ ಇಟ್ಟುಕೊಳ್ಳುತ್ತಾರೆಂದು ಪೆಂಗೆಲಿ ಕೊನೆಯವರೆಗೂ ನಂಬಲಿಲ್ಲ. ಕೂಟ ನಿಂತುಹೋಯಿತು. ಎಫ್ರಾಯಿಮ್ ಮತ್ತು ಹುಯಿಚು, ಪಶ್ಚಿಮಕ್ಕೆ ಹೊರಟ ಬಂಡಿಗಳು ಹೊಳೆ ದಾಟುವ ಕಡೆ ಒಂದು ಮರದ ಮನೆ ಕಟ್ಟಿಕೊಂಡು, ಸೋತ ಎತ್ತುಗಳನ್ನು ತೆಗೆದುಕೊಂಡು ಮೇದ ಎತ್ತುಗಳನ್ನು ಕೊಡುತ್ತಾ ಬದುಕಿದರು. ನಾರ್ಸಿಸ್ ಪಕ್ಕದಲ್ಲೇ ಒಂದು ಗುಡಿಸಲು ಹಾಕಿ, ಊಟಕ್ಕೆ ಇಲ್ಲಿಗೆ ಬರುತ್ತಿದ್ದ.

ಒಂದು ವಸಂತದಲ್ಲಿ ಬಂಡಿಯ ಹೆಂಗಸೊಬ್ಬಳು ಒಂದು ಬುಟ್ಟಿ ಬಿತ್ತನೆ ಆಲೂಗಡ್ಡೆ ಕೊಟ್ಟುಹೋದಳು. ಎಫ್ರಾಯಿಮ್ ಶ್ರದ್ಧೆಯಿಂದ ನೆಟ್ಟ. ಮಾರನೆಯ ಬೆಳಿಗ್ಗೆ ಎದ್ದವನು ಕೋಲು ಹಿಡಿದು ಸೀದಾ ಹೋಗಿ, ಏನಾದರೂ ಸಿಕ್ಕಿದೆಯೇ ಎಂದು ಒಂದೊಂದನ್ನೇ ಅಗೆದು ನೋಡಿ ಮತ್ತೆ ಮುಚ್ಚಿದ. ಅದರ ಮಾರನೆಯ ದಿನವೂ ಅದೇ. ಜೀವಮಾನವಿಡೀ ಬೆಳಗಾದರೆ ಬೋನು ನೋಡಿದವನಿಗೆ ಇನ್ನೇನು ಗೊತ್ತು.

“ಅದು ಓಡಿಹೋಗಲ್ಲ, ಕೂತ್ಕೊಳ್ಳೋ” ಎಂದು ಹುಯಿಚು ಬಾಗಿಲಿಂದ ಕೂಗಿದಳು.

“ಸಿಕ್ಕಿದ್ರೆ ತೋಳ ತಿನ್ಕೊಂಡು ಹೋಗುತ್ತೆ ಕಣೇ.”

ಕಡೆಗೆ ಅವಳು ಸುತ್ತ ಬೇಲಿ ಕಟ್ಟಿ, ಸೌಟು ಹಿಡಿದು ಕಾವಲು ಕೂತ ಮೇಲೆ ಗಿಡ ಮೇಲೆದ್ದವು. ಶರತ್ಕಾಲದಲ್ಲಿ ಅಗೆದಾಗ ಗೋಲಿಗಿಂತ ಸ್ವಲ್ಪ ದಪ್ಪನೆಯ ಗಡ್ಡೆಗಳು ಬಂದವು. ಉಪ್ಪು ಹಾಕಿ ಬೇಯಿಸಿ ಮೂವರೂ ಕೂತು ತಿಂದರು. ಬೀವರ್ ಬಾಲದ ಮುಂದೆ ಇದೆಲ್ಲ ಏನು ರುಚಿ ಎಂದು ಮೂದಲಿಸುತ್ತಾ ನಾರ್ಸಿಸ್ ಮುಕ್ಕಾಲು ಪಾಲು ತಾನೇ ತಿಂದ. ಎಫ್ರಾಯಿಮ್ ಅವನ ಕೈ ತಟ್ಟಿ, ಬೇಯಿಸದೆ ಉಳಿದಿದ್ದ ಒಂದು ಹಿಡಿಯಷ್ಟನ್ನು ಪಕ್ಕಕ್ಕೆಳೆದುಕೊಂಡು, ಬರುವ ವರ್ಷ ಇವನ್ನು ಎಲ್ಲಿ ಹಾಕೋಣವೆಂದು ನೋಡಲು ಹೊಳೆಯ ಕಡೆ ಎದ್ದು ಹೋದ.